ಹೆಣ್ಣು ಕೂಸು ತಡಕೊಂತೈತಿ

ಶಿವಲೀಲಾ, ನಾನು ನಿನಗೆ ಸುಳ್ಳು ಹೇಳಿದ್ದೆ. ಆರು ವರ್ಷವಾಯಿತು. ನೀನು ಕೇಳಿದ್ದು ಒಂದೇ ಒಂದು ಪ್ರಶ್ನೆ, ನಾನು ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಉತ್ತರ ಕೊಟ್ಟೆ. ನಿನ್ನೆ ನೀನು ಡಬ್ಬಿ ತುಂಬ ಹೋಳಿಗೆ ತಂದು ಕೈಗಿಟ್ಟು, "ಎಲ್ಲಾ ನಿಮ್ಮಿಂದರಿ ಬೂಬಮ್ಮ" ಎಂದೆಯಲ್ಲ — ಆಗಲಾದರೂ ಹೇಳಬೇಕಿತ್ತು. ಡಬ್ಬಿ ಇಸಿದುಕೊಂಡು ನಕ್ಕುಬಿಟ್ಟೆ.

ಸುಳ್ಳು ಶುರುವಾದದ್ದು ಒಳ್ಳೆಯ ಮನಸ್ಸಿನಿಂದ — ಇಲ್ಲ, ಹಾಗೆ ಬರೆಯಬಾರದು. ಶುರುವಾದದ್ದು ಲಿಂಗಸುಗೂರಿನಲ್ಲಿ ನಮ್ಮಂಥ ಆಶಾ ಕಾರ್ಯಕರ್ತೆಯರಿಗೆ ಕೊಟ್ಟ ತರಬೇತಿಯಿಂದ. ಅಲ್ಲಿಗೆ ಬಂದಿದ್ದ ಡಾಕ್ಟರಮ್ಮ ನಮಗೆ ತಿಳಿಯುವ ಹಾಗೆ ಹೇಳಿದ್ದರು: ಬಸುರಿಯ ಮನಸ್ಸಿಗೆ ತಿಂಗಳುಗಟ್ಟಲೆ ಹೊರೆ ಬಿದ್ದರೆ ಹೊಟ್ಟೆಯೊಳಗಿನ ಕೂಸಿನ ಮೆದುಳಿಗೂ ಅದು ತಟ್ಟಬಹುದು. ಗಂಡಿಗೂ ತಟ್ಟಬಹುದು, ಹೆಣ್ಣಿಗೂ ತಟ್ಟಬಹುದು, ಆದರೆ ತಟ್ಟುವ ರೀತಿ ಬೇರೆ. ಗಂಡುಮಕ್ಕಳಲ್ಲಿ ಕೆಲವರಿಗೆ ಮಾತು, ಕಲಿಕೆ ತಡವಾಗುತ್ತದೆ, ಬೇಗ ಕಣ್ಣಿಗೆ ಬೀಳುತ್ತದೆ. ಹೆಣ್ಣುಮಕ್ಕಳಲ್ಲಿ ಅದು ಅಂಜಿಕೆಯಾಗಿ, ಕಳವಳವಾಗಿ ಮುಂದೆ ಕಾಣಿಸಿಕೊಳ್ಳಬಹುದು. ಒಂದು ಕೂಸನ್ನು ತೋರಿಸಿ 'ಇದು ಹೀಗಾದದ್ದು ಅದರಿಂದಲೇ' ಎನ್ನಲು ಯಾರಿಂದಲೂ ಆಗದು ಎಂದೂ ಹೇಳಿದ್ದರು. ಎಲ್ಲವನ್ನೂ ಬರೆದುಕೊಂಡೆ. ಊರಿಗೆ ತಂದದ್ದು ಅರ್ಧ.

ಮರುದಿನ ನಿಮ್ಮ ಮನೆಗೆ ಬಂದಾಗ ನಿನ್ನ ಅತ್ತೆ ಅಮರಮ್ಮ ಹಿರಿಸೊಸೆಯನ್ನು ಬೈಯುತ್ತಿದ್ದಳು. ಮಸ್ಕಿಯಿಂದ ಬಂದ ನಿನ್ನ ನೆಗೆಣ್ಣಿ ರೇಣುಕಾ ಆಗ ನಾಲ್ಕು ತಿಂಗಳ ಬಸುರಿ. ಅಮರಮ್ಮನ ಬಾಯಿ ನಿನಗೆ ಗೊತ್ತೇ ಇದೆ, ಕಾಲುವೆಯಾಚೆ ಗದ್ದೆಯಲ್ಲಿದ್ದವರೂ ತಲೆ ಎತ್ತಿ ನೋಡಬೇಕು. ನನಗೆ ಥಟ್ಟನೆ ಹೊಳೆಯಿತು.

"ಅಮರಮ್ಮ, ಹೊಟ್ಟ್ಯಾಗಿಂದು ಗಂಡಾಗಿದ್ರ ಏನ್ಮಾಡ್ತಿ? ಗಂಡು ಕೂಸಿನ ಮೆದುಳು ಭಾಳ ನಾಜೂಕ. ಹೆಣ್ಣಾದ್ರ ತಡಕೊಂತೈತಿ, ಗಂಡು ತಡಕೊಳ್ಳಂಗಿಲ್ಲ."

ಅಷ್ಟೇ ನೋಡು! ಅಮರಮ್ಮನ ಬಾಯಿಗೆ ಬೀಗ ಬಿತ್ತು. ಎಮ್ಮೆಯನ್ನೂ ಪಿಸುದನಿಯಲ್ಲಿ ಬೈಯತೊಡಗಿದಳು. ರೇಣುಕಾಳಿಗೆ ಹೊತ್ತುಹೊತ್ತಿಗೆ ಹಾಲು, ಮಧ್ಯಾಹ್ನದ ನಿದ್ದೆ, ಸಂಜೆ ಟಿ.ವಿ. ಮುಂದೆ ಕಾಲು ಚಾಚಿ ಕೂರುವ ಅಧಿಕಾರ. ಪಕ್ಕದ ಮನೆಯ ಗಂಡ ಹೆಂಡತಿ ಕಚ್ಚಾಡಿದರೆ ಗೋಡೆಯ ಮೇಲಿಂದ ತಲೆ ತೂರಿಸಿ, "ಲೇ, ಮೆಲ್ಲಕ ಜಗಳ ಮಾಡ್ರಲೇ, ನನ್ನ ಮೊಮ್ಮಗ ಕೇಳಾಕತ್ತಾನ" ಎನ್ನುತ್ತಿದ್ದಳು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ತಿಂಗಳೊಳಗೇ ನೀನೂ ಬಸುರಿ ಎಂದು ತಿಳಿಯಿತು. ಗಂಡೋ ಹೆಣ್ಣೋ ತಿಳಿಯಲು ಅಮರಮ್ಮನದೊಂದು ಪರೀಕ್ಷೆ ಇತ್ತು: ಬಸುರಿಯನ್ನು ಕರೆಯುವುದು, ಹೊಸ್ತಿಲು ದಾಟುವಾಗ ಯಾವ ಕಾಲು ಮುಂದಿಡುತ್ತಾಳೆ ನೋಡುವುದು. ಬಲಗಾಲಾದರೆ ಗಂಡು, ಎಡಗಾಲಾದರೆ ಹೆಣ್ಣು. ರೇಣುಕಾ ಕೈಬೀಸಿಕೊಂಡು ಬಂದು ಬಲಗಾಲಿಟ್ಟಳು. ನಿನ್ನ ಬಲಸೊಂಟದ ಮೇಲೆ ತುಂಬಿದ ಕೊಡ — ಅಂಥವಳು ಎಡಗಾಲಿಡದೆ ಇನ್ನೇನು ಮಾಡಿಯಾಳು?

"ಈಕಿದು ಹೆಣ್ಣು," ಎಂದು ಅಮರಮ್ಮನ ತೀರ್ಪಾಯಿತು. "ತಡಕೊಂತೈತಿ. ಬೂಬಮ್ಮನ ಹೇಳ್ಯಾಳ."

ರೇಣುಕಾಳಿಗೆ ಸಲ್ಲದೆ ಉಳಿದ ಬೈಗುಳವೆಲ್ಲ ನಿನ್ನ ಪಾಲಿಗೆ ಬಂತು. ನಾಟಿಯ ಕೆಸರಿಗೂ ನೀನೇ, ಆಕೆ ಬಿಟ್ಟ ಕೆಲಸಕ್ಕೂ ನೀನೇ. ಆಕೆಗೆ ಬಸುರಿಯ ಸೀರೆ ಉಡಿಸಿದ ಕುಬಸಕ್ಕೆ ಓಣಿಯೆಲ್ಲ ಉಂಡಿತು. ನಿನ್ನ ಕುಬಸಕ್ಕೆ ತವರಿನವರು ಹಸಿರು ಸೀರೆ ಹಿಡಿದು ಬಂದ ದಿನ ನಿನ್ನನ್ನು ಗದ್ದೆಯಿಂದ ಕರೆಸುವುದರಲ್ಲಿ ಮಧ್ಯಾಹ್ನ ದಾಟಿತ್ತು. ನಾನು ಅಲ್ಲೇ ಇದ್ದೆ. ಒಂದು ಮಾತು ಸಾಕಿತ್ತು — ಹೆಣ್ಣಿಗೂ ತಟ್ಟುತ್ತದೆ ಅಮರಮ್ಮ, ನಾನು ಅರ್ಧ ಹೇಳಿದ್ದೆ... ಹೇಳಿದರೆ ರೇಣುಕಾಳ ಸುಖಕ್ಕೆ ಕುತ್ತು ಎಂದುಕೊಂಡೆ. ಅದೂ ಪೂರ್ತಿ ನಿಜವಲ್ಲ. ಊರಲ್ಲಿ ನನ್ನ ಮಾತಿಗಿದ್ದ ಬೆಲೆ ಹೋದೀತೆಂಬ ಭಯವೇ ದೊಡ್ಡದಿತ್ತು.

ಆಮೇಲೊಂದು ದಿನ ಕಬ್ಬಿಣದ ಗುಳಿಗೆ ಕೊಡಲು ಬಂದಾಗ ನೀನು ಹುಲ್ಲಿನ ಬಣವೆಯ ಹಿಂದೆ ಅಳುತ್ತಿದ್ದೆ. ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದೆ: "ಬೂಬಮ್ಮ, ಹೆಣ್ಣು ಕೂಸು ಖರೇನ ತಡಕೊಂತೈತೇನ್ರಿ?"

"ತಡಕೊಂತೈತಿ ತಾಯಿ," ಎಂದೆ. ಗುಳಿಗೆ ಕೊಟ್ಟು ಮುಂದಿನ ಮನೆಗೆ ಹೋದೆ.

ಕೊನೆಗೆ ರೇಣುಕಾಳಿಗೂ ಹೆಣ್ಣೇ! ಅಮರಮ್ಮನ ಮುಖ ನೋಡಬೇಕಿತ್ತು. ಮೂರು ದಿನ ನನ್ನನ್ನು ಕಂಡರೆ ಕೆಂಗಣ್ಣು, ನಾಲ್ಕನೇ ದಿನ ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ. ಆ ಐಶು ಹೋರಿಗೂ ಹೆದರದ ಗಟ್ಟಿಗಿತ್ತಿ. ಹಿಂದೆಯೇ ಬಂದಳು ನಿನ್ನ ಭೂಮಿಕಾ. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚುವಳು, ಭತ್ತ ಕೊಯ್ಯುವ ಮಷಿನ್ ಬಂದರೆ ಮಂಚದ ಕೆಳಗೆ ಸೇರುವಳು. ಅದು ನನ್ನ ಮಾತಿನಿಂದಲೇ ಆಯಿತೆಂದು ಹೇಳಲಾರೆ. ಡಾಕ್ಟರಮ್ಮನ ಮಾತು ನೆನಪಿದೆ. ಆದರೆ ಅದರ ಮರೆಯಲ್ಲಿ ಅಡಗಿ ಕೂರಲೂ ಆರೆ.

ಆ ಅಂಜಿಕೆ ಬಿಡಿಸಿದ್ದು ಯಾರು ಹೇಳು? ಅದೇ ಅಮರಮ್ಮ! ದಿನವೂ ಅಡುಗೆಮನೆಯಲ್ಲಿ ಭೂಮಿಕಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಸೀಟಿ ಎಣಿಸುತ್ತಿದ್ದಳು: "ಒಂದ... ಎರಡ... ಮೂರಕ್ಕ ಅನ್ನ ಆತು. ಅಂಜಬ್ಯಾಡ ನನ್ನ ಬಂಗಾರ." ಹೊಟ್ಟೆಯಲ್ಲಿದ್ದಾಗ ತಟ್ಟಿದ್ದು ಮಸ್ಕಿಯ ಬಂಡೆಗೆ ಕೊರೆದ, ಅಳಿಸಲಾಗದ ಶಾಸನದ ಅಕ್ಷರವಲ್ಲ ಎಂದು ನಾನು ಕಲಿತದ್ದು ಆ ಅಡುಗೆಮನೆಯಲ್ಲಿ.

ಮೊನ್ನೆ ಶಾಲೆಯ ಕಾರ್ಯಕ್ರಮ. ಭೂಮಿಕಾ ಮೈಕಿನ ಮುಂದೆ ಫ್ರಾಕಿನ ಅಂಚು ಹಿಡಿದು ನಿಂತಿದ್ದಳು. ಮೈಕು ಕೀಽ ಎಂದು ಕಿರುಚಿತು. ನೀನು ನನ್ನ ಕೈ ಹಿಸುಕಿದೆ. ಇನ್ನು ಮಗು ಓಡಿತೆಂದೇ ನಾನೂ ತಿಳಿದೆ. ಅವಳು ಮೈಕಿಗೇ ಬೆರಳು ತೋರಿಸಿ, "ಏ, ಸುಮ್ಕಿರು! ನಾ ಮಾತಾಡಾಕತ್ತೀನಿ" ಎಂದು ಗದರಿಸಿದಳು. ಥೇಟ್ ಅಜ್ಜಿಯ ದನಿ! ಶಾಲೆಯಂಗಳವೆಲ್ಲ ಬಿದ್ದು ಬಿದ್ದು ನಕ್ಕಿತು. ಅಮರಮ್ಮ ಎದ್ದು ನಿಂತು ಸೀಟಿ ಹೊಡೆದಳು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಸಂತೋಷ ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ.

ಬಸುರಿಯಲ್ಲಿ ಗುಳಿಗೆ ಕೊಟ್ಟು ಧೈರ್ಯ ಹೇಳಿದವಳು ನಾನೆಂದು ಅದರ ಮಾರನೆಯ ದಿನವೇ ನೀನು ಹೋಳಿಗೆ ತಂದದ್ದು. ಹೊರಡುವಾಗ ಬಾಗಿಲಲ್ಲಿ ನಿಂತು ಅಂದೆ: "ಆವಾಗ ನಾ ಅಷ್ಟ ಅಳಬಾರದಿತ್ತರಿ ಬೂಬಮ್ಮ. ಅತ್ತು ಅತ್ತು ನಾನ ಕೂಸಿಗೆ ಅಂಜಿಕಿ ಹಚ್ಚಿದ್ದೆ."

ಆರು ವರ್ಷದಿಂದ ಇದನ್ನು ಎದೆಯಲ್ಲಿಟ್ಟುಕೊಂಡಿದ್ದೆಯಾ, ಮಗಳೇ? ತೌಬಾ... ನನ್ನ ಪಾಲಿನ ತಪ್ಪನ್ನೂ ನೀನೇ ಹೊತ್ತಿದ್ದೆ, ನಾನು ನಿನ್ನ ಕೈಯಿಂದ ಹೋಳಿಗೆ ಇಸಿದುಕೊಂಡೆ.

ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಅಮರಮ್ಮ, ರೇಣುಕಾ ಇಬ್ಬರೂ ಇರುವಾಗ ಅಂಗಳದಲ್ಲಿ ನಿಂತು ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲ, ಅದನ್ನೂ ತರುತ್ತೇನೆ. ಕೇಳಿದ ಮೇಲೆ ಕೊಡುವುದು ಬಿಡುವುದು ನಿನ್ನಿಷ್ಟ.

ಆದರೆ ಬಣವೆಯ ಹಿಂದೆ ನೀನು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಬರೆದುಬಿಡುತ್ತೇನೆ. ಇಲ್ಲ ತಾಯಿ, ಹೆಣ್ಣು ಕೂಸಿಗೂ ತಟ್ಟುತ್ತದೆ. ಆವತ್ತೇ ನನಗದು ಗೊತ್ತಿತ್ತು.