ಅಡ್ಜಸ್ಟ್ ಮಾಡಿಕೊಳ್ಳದ ಲೀಲಾವತಿ

ಲೋಧಿ ಕಾಲೋನಿಯ ಆ ಎರಡು ಕೋಣೆಯ ಸರ್ಕಾರಿ ಮನೆಗೆ ಲೀಲಾವತಿ ಮದುವೆಯಾಗಿ ಬಂದಾಗಿನಿಂದ ಊರವರ ಕಾಟ ತಪ್ಪಿದ್ದೇ ಇಲ್ಲ. ಸೆಕ್ರೆಟೇರಿಯಟ್ಟಿನಲ್ಲಿ ಫೈಲು ಸರಿಸಬೇಕಾದವರು, ದೊಡ್ಡಾಸ್ಪತ್ರೆಗೆ ತೋರಿಸಬೇಕಾದವರು, ತಾಜಮಹಲು ನೋಡದೆ ಜೀವ ಹೋಗದವರು, ಎಲ್ಲರೂ ಟ್ರಂಕು ಹಿಡಿದು ನೇರ ಇಲ್ಲಿಗೇ. ಬಂದವರು ಮಲಗಲು ಮಂಚ, ಆಗ್ರಾ ರೈಲಿಗೆ ಬುತ್ತಿ ಕಟ್ಟಲು ಲೀಲಾವತಿ. ದಿಲ್ಲಿಯ ಕನ್ನಡದವರ ಮನೆಗಳಲ್ಲಿ ಅದು ಕಾನೂನು. ಗಂಡ ದಕ್ಷಿಣಾಮೂರ್ತಿ ಆಫೀಸಿನಲ್ಲಿ ಗುಮಾಸ್ತ, ಮನೆಯಲ್ಲಿ ದಾನಶೂರ ಕರ್ಣ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊ ಲೀಲಾ" ಎನ್ನುವುದು ಅವನಿಗೆ ಬಾಯಿಪಾಠ.

ಅವಳು ಅಂಚೆ ಮೂಲಕ ಬಿ.ಎ. ಓದುತ್ತಿದ್ದಳು. ಹೋದ ವರ್ಷ ಸರಿಯಾಗಿ ಪರೀಕ್ಷೆಯ ಹೊತ್ತಿಗೆ ಗಂಡನ ಸೋದರಮಾವ ಕಣ್ಣಿನ ಆಪರೇಷನ್ನಿಗೆಂದು ಬಂದಿಳಿದರು. ಅಡ್ಜಸ್ಟ್ ಮಾಡಿಕೊಂಡಳು, ವರ್ಷ ಹೋಯಿತು. ಈ ಏಪ್ರಿಲ್ಲೂ ತಪ್ಪಿದರೆ ಹೆಸರನ್ನೇ ಹೊಡೆದುಹಾಕುತ್ತಾರೆ. ಅಂಥದ್ದರಲ್ಲಿ ಪರೀಕ್ಷೆಯ ಹಿಂದಿನ ಸಂಜೆ ಗಂಡನ ದೊಡ್ಡಪ್ಪನ ಮಗ ತಿಪ್ಪೇಸ್ವಾಮಿ ಸಂಸಾರ ಸಮೇತ ಹಾಜರ್!

"ನಾಳೆ ಬೆಳಿಗ್ಗೆ ಆಗ್ರಾಕ್ಕೆ ಹೊರಡ್ತೀವಮ್ಮ. ಚಿತ್ರಾನ್ನ, ಮೊಸರನ್ನ ಸಾಕು. ಜಾಸ್ತಿ ತೊಂದ್ರೆ ತಗೋಬೇಡ."

"ನಾಳೆ ನನಗೆ ಪರೀಕ್ಷೆ, ಭಾವ."

"ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೆ?" ಎಂದು ತಿಪ್ಪೇಸ್ವಾಮಿ ನಕ್ಕರು. ದಕ್ಷಿಣಾಮೂರ್ತಿಯೂ ನಕ್ಕ. "ಬೇಗ ಎದ್ದರೆ ಆಯ್ತಪ್ಪ. ಅಡ್ಜಸ್ಟ್ ಮಾಡ್ಕೊ."

ಲೀಲಾವತಿಗೆ ಮೈಯೆಲ್ಲ ಉರಿದುಹೋಯಿತು. ದರಿಯಾಗಂಜಿನ ಫುಟ್‌ಪಾತಿನಲ್ಲಿ ಕೊಂಡಿದ್ದ ದಪ್ಪ ಇಂಗ್ಲಿಷ್ ನಿಘಂಟನ್ನು ಎಳೆದುಕೊಂಡು ಆ ಹಾಳು ಪದವನ್ನು ಹುಡುಕಿದಳು. ಎಲ್ಲೋ ಲ್ಯಾಟಿನ್ನಿನಲ್ಲಿ ಹುಟ್ಟಿ, ಫ್ರಾನ್ಸ್ ದಾಟಿ ಇಂಗ್ಲಿಷಿಗೆ ಬಂದದ್ದಂತೆ. ಮೂಲದಲ್ಲಿ ಹತ್ತಿರಕ್ಕೆ ತರುವುದು ಎಂದಷ್ಟೇ. ಆಮೇಲೆ ತಕ್ಕಡಿ ಸರಿಮಾಡುವುದು, ಗಡಿಯಾರ ಸರಿಮಾಡುವುದು, ಜಗಳ ತೀರಿಸುವುದು. ನ್ಯಾಯ ಎಂಬರ್ಥದ 'ಜಸ್ಟ್' ಪದಕ್ಕೂ ಇದಕ್ಕೂ ನೆಂಟಸ್ತನ ಇದೆಯೆಂದು ಹಿಂದಿನವರು ನಂಬಿದ್ದರಂತೆ. ನ್ಯಾಯವಂತೆ, ನ್ಯಾಯ! ಇದು ಯಾವೂರ ನ್ಯಾಯ? ಹತ್ತಿರವಾಗಬೇಕಾದರೆ ಎರಡೂ ಕಡೆಯವರು ಅಷ್ಟಷ್ಟು ಸರಿಯಬೇಕು. ಈ ಮನೆಯಲ್ಲಿ ಸರಿದದ್ದು ಅವಳೊಬ್ಬಳೇ. ಮಂಚದಿಂದ ಚಾಪೆಗೆ, ಚಾಪೆಯಿಂದ ಅಡುಗೆಮನೆಗೆ. ಇನ್ನು ಸರಿಯಲು ಗೋಡೆ ಬಿಟ್ಟರೆ ಏನೂ ಉಳಿದಿರಲಿಲ್ಲ. ನಿಘಂಟನ್ನು ಧಪ್ಪೆಂದು ಮುಚ್ಚಿದಳು.

ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅಡುಗೆಮನೆಗೆ ಬೀಗ ಜಡಿದು, ಬೀಗದ ಕೈಯನ್ನು ಪರ್ಸಿಗೆ ಹಾಕಿಕೊಂಡಳು. "ಏಯ್, ತಲೆಗಿಲೆ ಕೆಟ್ಟಿದೆಯಾ? ಅವರ ಬುತ್ತಿ?" ಎನ್ನುತ್ತ ಗಂಡ ಬಾಗಿಲವರೆಗೂ ಓಡಿಬಂದ.

"ಸ್ಟೇಷನ್ನಲ್ಲಿ ಪೂರಿ ಮಾರ್ತಾರೆ" ಎಂದವಳೇ ಬಸ್ ಸ್ಟಾಪಿಗೆ ನಡೆದಳು.

ಮಧ್ಯಾಹ್ನ ರಣಬಿಸಿಲಿನಲ್ಲಿ ವಾಪಸು ಬಂದಾಗ ದಕ್ಷಿಣಾಮೂರ್ತಿ ಆಫೀಸಿಗೆ ರಜೆ ಹಾಕಿ ಮೆಟ್ಟಿಲ ಮೇಲೆ ಕೂತಿದ್ದ. ಮುಖ ಊದಿಕೊಂಡಿತ್ತು.

"ಮಾನ ಕಳೆದೆಯಲ್ಲೇ! ಅಣ್ಣ ಬರಿಗೈಲಿ ರೈಲು ಹತ್ತಿದ. ಊರಲ್ಲಿ ಏನಂತಾರೆ? ಕೊಡು ಆ ಬೀಗದ ಕೈ, ನನಗೂ ಹೊಟ್ಟೆ ಚುರುಗುಟ್ತಾ ಇದೆ."

ಲೀಲಾವತಿ ಪರ್ಸಿನಿಂದ ಬೀಗದ ಕೈ ತೆಗೆದಳು. ಅವನು ಕೈ ಚಾಚಿದ. ಅವಳು ಮುಷ್ಟಿ ಬಿಗಿದಳು.

"ಕೊಡ್ತೀನಿ. ಮೊದಲು ಪರೀಕ್ಷೆ ಹೇಗೆ ಬರೆದೆ ಅಂತ ಕೇಳಿ. ಒಂದೇ ಒಂದ್ಸಲ ಕೇಳ್ರೀ!"