ರಾಯಭಾರಿಯ ಚಿತ್ರಗಳಿಗೆ ಕುಂಕುಮ

ಆಯುಧಪೂಜೆಯ ಮರುದಿನ ಕನಕಪುರಕ್ಕೆ ಹೊರಟವನು ಕೋಣನಕುಂಟೆಯಲ್ಲಿ ಬಸ್ಸಿಳಿದೆ. ಇಲ್ಲಿಯ ಅರಸು ಮನೆತನದವರೊಬ್ಬರು ರಾಯಭಾರಿಯಾಗಿದ್ದಾಗ ಹೊರದೇಶಗಳಲ್ಲಿ ಕೊಂಡ ತೈಲಚಿತ್ರಗಳನ್ನೆಲ್ಲ ಹುಟ್ಟೂರಿಗೇ ಕೊಟ್ಟು, ಅವಕ್ಕೊಂದು ಭವನವನ್ನೂ ಕಟ್ಟಿಸಿದ್ದರು.

ಒಳಗೆ ಕಾಲಿಟ್ಟೊಡನೆ ಮೈಯೆಲ್ಲ ಉರಿದುಹೋಯಿತು. ಪ್ರತಿ ಚಿತ್ರದ ಮೇಲೂ ಮೂರು ಬೆರಳಿನ ಗಂಧ, ನಡುವೆ ಕುಂಕುಮ. ಹಿಮದಲ್ಲಿ ನಿಂತ ಬಿಳಿ ಕುದುರೆಯ ಹಣೆಯನ್ನೂ ಬಿಟ್ಟಿರಲಿಲ್ಲ. ಹಳೆಯ ಗಂಧ ಒಣಗಿದ ಕಡೆ ಬಣ್ಣವೇ ಚಕ್ಕೆಯೆದ್ದಿತ್ತು.

"ಯಾರ್ರೀ ಇದನ್ನ ಮಾಡಿದ್ದು?" ಎಂದು ವಯಸ್ಸಾದ ವಾಚ್‌ಮನ್ ಮೇಲೆ ರೇಗಿದೆ.

"ನಾನೇ ಸಾರ್. ವರ್ಷಾ ವರ್ಷಾ ಹಚ್ತೀನಿ. ದೊಡ್ಡೋರು ಕೊಟ್ಟಿದ್ದು, ಪೂಜೆ ಮಾಡ್ದೆ ಬಿಡಕ್ಕಾಗತ್ತಾ?"

ಬಾಗಿಲ ಬಳಿ ಆ ರಾಯಭಾರಿಯ ಫೋಟೊ ಮಾತ್ರ ಒಂದು ಚುಕ್ಕೆಯೂ ಇಲ್ಲದೆ ಹೊಳೆಯುತ್ತಿತ್ತು.

"ಇದಕ್ಯಾಕೆ ಹಚ್ಚಿಲ್ಲ?"

"ಗ್ಲಾಸ್ ಇಲ್ವಲ್ಲ ಸಾರ್," ಎಂದರು, "ಹಚ್ಚಿದ್ರೆ ಫೋಟೊ ಹಾಳಾಗತ್ತೆ."