ಶುಭಕಾರ್ಯದಲ್ಲಿ ಸೊನ್ನೆ

ಗೋಕಾಕದ ನಮ್ಮ ಮನೆಯಲ್ಲಿ ‘ಇಲ್ಲ’ ಅನ್ನುವಂತಿರಲಿಲ್ಲ. ಅಕ್ಕಿ ತೀರಿದರೆ ‘ಅಕ್ಕಿ ಹೆಚ್ಚಾಗ್ಯಾವ’ ಅನ್ನಬೇಕು. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ‘ಲಾಭ’ ಅನ್ನಬೇಕು. ಎಲ್ಲ ಅಜ್ಜಿಯ ಕಾಯಿದೆ. ಅಂಥ ಮನೆಯಲ್ಲಿ ಹುಟ್ಟಿ ನಾನು ಬೀಜಗಣಿತದ ಹುಚ್ಚು ಹಚ್ಚಿಕೊಂಡಿದ್ದೆ. ಮೆಟ್ರಿಕ್‌ಗೆ ಒಂದೇ ವರ್ಷ ಉಳಿದಾಗ ಅಪ್ಪ ಅಜ್ಜಿಯ ಮಾತು ಕೇಳಿ ಸಾಲೆ ಬಿಡಿಸಿಬಿಟ್ಟ.

ಹುಕ್ಕೇರಿಯಿಂದ ಚಕ್ಕಡಿ ಕಟ್ಟಿಕೊಂಡು ನನ್ನನ್ನು ನೋಡಲು ಬಂದರು. ಹುಡುಗ ಗಣಿತದ ಮಾಸ್ತರ. ಲೆಕ್ಕ ಬರುವ ಹುಡುಗಿಯಾದರೆ ಮೆಟ್ರಿಕ್ ಮುಗಿಸಲು ಬಿಡುತ್ತೇನೆಂದು ನಮ್ಮ ಕಾಕಾನ ಹತ್ತಿರ ಹೇಳಿದ್ದರಂತೆ. ಖರೆ ಹೇಳುತ್ತೇನೆ, ನನಗೆ ಗಂಡನಿಗಿಂತ ಮೆಟ್ರಿಕ್ ಬೇಕಿತ್ತು.

ಹೂವು ಮುಡಿಸುತ್ತ ಅಜ್ಜಿ ಗದರಿಸಿದಳು: “ಬೀಗರ ಮುಂದ ಇಲ್ಲ, ಸೊನ್ನಿ ಅಂತ ಬಾಯಿಗೆ ಬಂದ್ರ ನೋಡು!”

ಹುಡುಗನ ತಾಯಿ ಹಾಡು ಹೇಳು ಅಂದರು. ಮಾಸ್ತರರು “ಹಾಡು ಬ್ಯಾಡ” ಎಂದು ಪಾಟಿ ತರಿಸಿ ಬರೆದರು: ಕ್ಷ(ಕ್ಷ − ೫) = ೦. “ಕ್ಷ ಎಷ್ಟು?”

ಕುಣಿಯುವಷ್ಟು ಖುಷಿಯಾಯಿತು ನನಗೆ. ಎರಡನ್ನು ಗುಣಿಸಿದರೆ ಸೊನ್ನೆ ಬರುವುದಾದರೆ ಎರಡರಲ್ಲೊಂದು ಸೊನ್ನೆಯೇ ಇರಬೇಕು. ಇಷ್ಟೇನಾ! “ಐದ್ರಿ,” ಅಂದೆ.

“ಇನ್ನೊಂದು?”

ಬಾಯಿ ತೆರೆದೆ. ಬಾಗಿಲ ಹಿಂದೆ ಅಜ್ಜಿ ಕಣ್ಣು ದೊಡ್ಡದು ಮಾಡಿದಳು. ಬಾಯಿ ಮುಚ್ಚಿದೆ.

ಮಾಸ್ತರರು ತಾಯಿಯ ಕಡೆ ತಿರುಗಿ “ಅರ್ಧಾ ಬರತೈತಿ” ಎಂದು ಮೆಲ್ಲಗೆ ಅಂದದ್ದು ಕೇಳಿಸಿತು. ಮೈಯೆಲ್ಲ ಉರಿದುಹೋಯಿತು. ಅರ್ಧವಂತೆ!

“ಸೊನ್ನಿ!” ಎಂದು ಚೀರಿದೆ. “ಕ್ಷ ಸೊನ್ನೀನೂ ಆಗತೈತ್ರಿ! ಸೊನ್ನಿಯಿಂದ ಏನ ಗುಣಿಸಿದ್ರೂ ಸೊನ್ನೀನ! ತಾಳೆ ನೋಡ್ರಿ ಬೇಕಾದ್ರ!”

ಒಂದು ಸಲವೂ ಅನ್ನಬಾರದ್ದನ್ನು ನಾಲ್ಕು ಸಲ ಅಂದಿದ್ದೆ. ಕಾಕಾ ಬಸಿಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿಕೊಂಡ. ಹುಡುಗನ ತಾಯಿ ಎದ್ದೇಬಿಟ್ಟರು. “ಶುಭಕಾರ್ಯದಾಗ ಇದೆಂಥಾ ಮಾತವ್ವಾ?” ಮೆಟ್ರಿಕ್ ಹೋಯಿತು ಅಂದುಕೊಂಡೆ. ಅಳು ಬರಬೇಕಿತ್ತು, ಹಾಳಾದ ನಗು ಉಕ್ಕಿ ಬರುತ್ತಿತ್ತು.

ಅಜ್ಜಿ ಬಾಗಿಲು ದಾಟಿ ಬಂದಳು. ನಾನು ಬೈಸಿಕೊಳ್ಳಲು ತಲೆ ತಗ್ಗಿಸಿದೆ. ಅವಳು ತರಾಟೆಗೆ ತೆಗೆದುಕೊಂಡದ್ದು ಬೀಗಿತ್ತಿಯನ್ನು! “ನಿಮ್ಮ ಮಗಾ ಕೇಳ್ಯಾರ, ನಮ್ಮ ಹುಡುಗಿ ಹೇಳ್ಯಾಳ. ತಪ್ಪಿದ್ರ ತಪ್ಪ ಅನ್ರಿ.”

“ತಪ್ಪೇನಿಲ್ರಿ ಅಜ್ಜಿ,” ಮಾಸ್ತರರೂ ನಗುತ್ತಿದ್ದರು. “ನಮ್ಮ ಸಾಲಿ ಹುಡುಗ್ರು ಆ ಸೊನ್ನಿ ಬಿಟ್ಟ ಬರೀತಾರ. ಇವರು ಬಿಡಲಿಲ್ಲ.”

ತಾಯಿ ಮುಖ ಬಿಗಿದುಕೊಂಡೇ ಕೂತರು. “ಹಂಗಾದ್ರ ಲಗ್ನ ಯಾವಾಗ ಇಟ್ಕೊಳ್ಳೂಣು?”

ಕಾಕಾ ಪಂಚಾಂಗಕ್ಕೆ ಕೈ ಹಾಕಿದ. ಅಜ್ಜಿ ಆ ಕೈ ತಡೆದಳು.

“ಅವಸರ ಏನೈತ್ರಿ? ಅಕಿ ಮೆಟ್ರಿಕ್ ಪಾಸಾಗ್ಲಿ.”